ಬಾಡಿಗೆಯ ಕೆಂಪು ಕೋಟು

ನಾಲ್ಕೂವರೆಗೆ ಕ್ವೀನ್‌ಬಿಯನ್ ಬಿಟ್ಟೆವು.
ಹಿಂದಿನ ಸೀಟಿನಲ್ಲಿ ಎರಡು ನಿದ್ದೆ,
ನನ್ನ ಕಾಲ ಬಳಿ ಚಿತ್ರಾನ್ನದ ಡಬ್ಬಿ,
ಡಿಕ್ಕಿಯಲ್ಲಿ ಚಕ್ರಕ್ಕೆ ಸುತ್ತುವ ಸರಪಳಿ,
ಸುತ್ತುವುದು ಹೇಗೋ ಯಾರಿಗೂ ಗೊತ್ತಿಲ್ಲ.

ಕೂಮಾದ ಬಾಡಿಗೆ ಅಂಗಡಿಯಲ್ಲಿ
ಹುಡುಗ ತೂಕ ಕೇಳಿದ.
ಐದು ಕಿಲೋ ಕಡಿಮೆ ಹೇಳಿದೆ.
ಬಿದ್ದಾಗ ಸ್ಕೀ ಕಾಲಿನಿಂದ ಯಾವಾಗ ಕಳಚಬೇಕು ಅನ್ನುವುದು
ಆ ಲೆಕ್ಕದ ಮೇಲಿದೆಯೆಂದು
ಆಮೇಲೆ ತಿಳಿಯಿತು. ಇಡೀ ದಿನ
ಸೀನಿದರೂ ಸಾಕು, ಕಳಚಿಕೊಳ್ಳುತ್ತಿದ್ದವು.

ಮಕ್ಕಳಿಗೆ ಕೆಂಪು ಕೋಟು. ಅಂಗಡಿಯಲ್ಲಿದ್ದದ್ದೇ ಅದು.

ಆಡಮಿನಬಿಯಲ್ಲಿ ಮನೆಗಿಂತ ಎತ್ತರದ ಮೀನು
ನೀರಿಲ್ಲದೆ ನಿಂತಿತ್ತು.
‘ಅದಕ್ಕೆ ಚಳಿ ಆಗಲ್ವಾ?’ ಅಂದ ಚಿರು.
‘ಫೈಬರ್ ಕಣೋ’ ಅಂದ ಅವನಪ್ಪ,
ಹೀಟರಿನ ಗುಂಡಿ ಇನ್ನೊಂದು ಸುತ್ತು ತಿರುಗಿಸುತ್ತಾ.

ಅಲ್ಲಿಂದಾಚೆ ಸುಟ್ಟ ಮರಗಳು.
ಆ ಬೇಸಿಗೆ ಚಿರು ಹೊಟ್ಟೆಯಲ್ಲಿದ್ದ,
ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕೂತಿದ್ದೆವು.
ಇವುಗಳ ಹೊಗೆಯನ್ನೇ ಉಸಿರಾಡಿದ್ದು.
ಈಗ ಬುಡದಲ್ಲಿ ಕುಡಿಗಳ ಪೊದೆ,
ಕೊಂಬೆಯ ಮೇಲೆ ಗೆರೆ ಎಳೆದಂತೆ ಹಿಮ.
‘ಅಮ್ಮಾ, ನಾನು ನೋಡಿದೀನಾ ಈ ಮರನಾ?’
ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಸೆಲ್ವಿನ್ನಿನ ತಪ್ಪಲಲ್ಲಿ ಪಾಠ ಹೇಳಿದವಳಿಗೆ
ಹತ್ತೊಂಬತ್ತಿದ್ದರೆ ಹೆಚ್ಚು.
ತುದಿ ಕೂಡಿಸಿ ಹಿಮ್ಮಡಿ ಅಗಲಿಸಿದರೆ ಪಿಜ್ಜಾ, ನಿಲ್ಲುವುದು.
ನೆಟ್ಟಗೆ ಇಟ್ಟರೆ ಚಿಪ್ಸ್, ಓಡುವುದು.
‘ಹಸಿದವರ ಮುಂದೆ ಇದೆಂಥ ಮಾತು’
ನನ್ನ ಕಿವಿಯಲ್ಲಿ ತಿಪ್ಪೇಶ.
ಹನ್ನೆರಡು ವರ್ಷ ಬಸ್ ಓಡಿಸಿದವನು,
ಒಂದು ಗೀರು ಬೀಳದಂತೆ.
ಬ್ರೇಕು ತನ್ನ ಕಾಲಲ್ಲೇ ಇದೆಯೆಂದರೆ
ನಂಬಲು ತಯಾರಿಲ್ಲ.

ಹೊರಟ, ಚಿಪ್ಸ್.
ಪಿಜ್ಜಾ! ಪಿಜ್ಜಾ! ಗುಡ್ಡವೇ ಕೂಗಿತು.
ಕಿತ್ತಳೆ ಬಲೆಯೊಳಗೆ ತಲೆಕೆಳಗು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ.
ಇಲ್ಲಿ ಮಣ್ಣೆಲ್ಲಿ?
ಎದ್ದು ತಿರುಗಿದ. ಮೀಸೆ, ಹುಬ್ಬು
ಎಲ್ಲ ಬೆಳ್ಳಗೆ.
ಎಪ್ಪತ್ತರ ತಿಪ್ಪೇಶ ನನ್ನೆದುರು ನಿಂತು
ನಗುತ್ತಿದ್ದ.
ಒರೆಸಲು ಚಾಚಿದ ಕೈ
ಹಾಗೇ ತಡೆದೆ.
ಇನ್ನೊಂಚೂರು ನೋಡಬೇಕಿತ್ತು ಆ ಮುದುಕನನ್ನು.

ಮಧ್ಯಾಹ್ನಕ್ಕೆ ಮೇದಿನಿ ನಮ್ಮ ಕೈಗೆ ಸಿಗಲಿಲ್ಲ.
ಒಂಬತ್ತು ವರ್ಷ; ಕುರ್ಚಿ ಹತ್ತಿ
ತಂತಿಯಲ್ಲಿ ತೂಗುತ್ತಾ ಮೇಲೆ ಹೋದಳು.
ನಾನು ಕೆಳಗೆ ನಿಂತೆ,
ಒಂದು ಕೈಯಲ್ಲಿ ಚಿರು, ಇನ್ನೊಂದು ಬೀಸಲಿಕ್ಕೆ.
ಕೆಂಪು ಕೋಟು ಇಳಿಯಿತು, ಬೀಸಿದೆ.
ಅದೂ ಬೀಸಿತು.
ಮತ್ತೆ ಹತ್ತಿತು, ಮತ್ತೆ ಇಳಿಯಿತು.
ಎಷ್ಟು ಚೆಂದ ಬಾಗುತ್ತಾಳೆ, ಯಾರು ಕಲಿಸಿದರೋ!
ಒಂದು ಗಂಟೆ, ಎದೆಯುಬ್ಬಿಸಿಕೊಂಡು.

‘ಯಾರಿಗಮ್ಮಾ ಟಾಟಾ ಮಾಡ್ತಿದೀಯಾ?’
ಬೆನ್ನ ಹಿಂದೆ ಮೇದಿನಿ,
ಕೈಯಲ್ಲಿ ಅರ್ಧ ತಿಂದ ಚಿತ್ರಾನ್ನ.

ಆಚೆಯವಳು ಕನ್ನಡಕ ಮೇಲೆತ್ತಿದಳು.
ಚುಕ್ಕೆಚುಕ್ಕೆ ಕೆನ್ನೆ, ಹುಲ್ಲುಬಣ್ಣದ ಜಡೆ.
ನನ್ನನ್ನು ನೋಡಿದಳು. ಗೊತ್ತಾಗಿತ್ತು ಅವಳಿಗೆ,
ಮೊದಲಿನಿಂದಲೇ ಗೊತ್ತಿತ್ತೇನೋ.
ಆದರೂ ಇನ್ನೊಮ್ಮೆ ಬೀಸಿ
ಕುರ್ಚಿಯ ಸಾಲಿಗೆ ಓಡಿದಳು.
ಅವಳಮ್ಮ ಎಲ್ಲಿ ನಿಂತು
ಯಾರ ಮಗಳಿಗೆ ಕೈ ಬೀಸುತ್ತಿದ್ದಳೋ.

ಸರಪಳಿ ಬೇಕಾಗಲಿಲ್ಲ.
ಮೀನು ದಾಟುವ ಮೊದಲೇ ಮೀಸೆ ಕರಗಿ ಕಪ್ಪಾಯಿತು.
ಕೂಮಾದಲ್ಲಿ ಕೋಟು ಮರಳಿಸಿದೆವು;
ಹುಡುಗ ಹಿಂದೆ ನೋಡದೆ ಎಸೆದ,
ಕೆಂಪಿನ ರಾಶಿಯಲ್ಲಿ ನಮ್ಮವು ಯಾವುವೋ.

ಹಿಂದಿನ ಸೀಟಿನಲ್ಲಿ ಮತ್ತೆ ಎರಡು ನಿದ್ದೆ.
ಚಿರುವಿನ ಪಾದಗಳು ಮಾತ್ರ
ತುದಿ ಕೂಡಿಸಿ, ಹಿಮ್ಮಡಿ ಅಗಲಿಸಿ
ಇನ್ನೂ ನಿಲ್ಲಿಸುತ್ತಿದ್ದವು ಏನನ್ನೋ.
ತಿಪ್ಪೇಶ ನಿಧಾನಕ್ಕೆ ಗೇರು ಬದಲಿಸಿದ.